ಅಂಗೈಯಗಲದ ದೊಡ್ಡಮ್ಮ

ನಮ್ಮಣ್ಣ ಕೂತಲ್ಲಿ ಕೂರುತ್ತಿರಲಿಲ್ಲ. ಅವನನ್ನು ಮೊದಲಿನಿಂದ ಬಲ್ಲವರು ಈ ಮಾತು ಕೇಳಿದರೆ ನಗುತ್ತಾರೆ, ಏಕೆಂದರೆ ಮೂವತ್ತು ವರ್ಷ ಅವನು ಮಾಡಿದ ಕೆಲಸವೇ ಕೂರುವುದು. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿಗೆ ಅವನು ಡ್ರೈವರು, ನಾನು ಕೊಕ್ಕೆ ಹಾಕುವವನು. ಮಳೆಯಲ್ಲಿ, ಕೆಸರಲ್ಲಿ, ಯಾರದೋ ಬಸ್ಸಿನ ಹೊಟ್ಟೆಯಡಿ ನಾನು ಕೈಜಾರಿದ ಕೊಕ್ಕೆಗಾಗಿ ತಡಕಾಡುತ್ತಿದ್ದರೆ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀನು ಹುಡುಕು, ನಾನು ಗಾಡೀಲೇ ಕೂತಿರ್ತೀನಿ" ಅನ್ನುತ್ತಿದ್ದ. ಕೆಳಗಿಳಿದವನಲ್ಲ.

ಅಂಥವನು ಈಗ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ತಿರುಗಿ ಬಾಗಿಲಿಗೆ ಗೋಡೆ ಸವರಿಕೊಂಡು ನಡೆಯುತ್ತಲೇ ಇದ್ದ. ಕಣ್ಣು ಹೋಗಿತ್ತು. ಒಂದೇ ಸಲ ಹೋದದ್ದಲ್ಲ, ಸಂಜೆ ಬೆಳಕಿನ ಹಾಗೆ, ಇದೆ ಇದೆ ಅನ್ನುವಷ್ಟರಲ್ಲಿ ಇರಲಿಲ್ಲ. ಡಾಕ್ಟರು ಇನ್ನು ಮಾಡುವಂಥದ್ದು ಏನೂ ಇಲ್ಲ ಅಂದ ದಿನದಿಂದ ಅವನು ನಡೆಯಲು ಶುರು ಮಾಡಿದ. ಎಷ್ಟು ನಡೆದ ಅಂದರೆ ಸಿಮೆಂಟಿನ ನೆಲದಲ್ಲಿ ಕಾಲುವೆ ಬಿದ್ದು, ಅತ್ತಿಗೆ ಪಾತ್ರೆ ತೊಳೆದ ನೀರು ಮೋರಿ ಹುಡುಕದೆ ಅದರಲ್ಲೇ ಹರಿದು ಹಿತ್ತಲಿಗೆ ಹೋಗುತ್ತಿತ್ತು.

ಅತ್ತಿಗೆ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿಟ್ಟು ನಡುಮನೆಯನ್ನು ಮೈದಾನ ಮಾಡಿಕೊಟ್ಟಿದ್ದರು. ಆದರೂ ವಾರಕ್ಕೆ ಒಂದು ಲೋಟ ಉರುಳುತ್ತಿತ್ತು. ಅದಕ್ಕಿಂತ ಅವರಿಗೆ ತಲೆನೋವು ಅಂಗಿಗಳದು. ಸದಾ ಸೂಜಿ ದಾರ ಹಿಡಿದು ಹೊಸ್ತಿಲ ಮೇಲೆ ಕೂತಿರುತ್ತಿದ್ದರು.

"ಮೈದುನ, ನಿಮ್ಮಣ್ಣನಿಗೆ ಹಗ್ಗ ಕಟ್ಟಿ ಒಂದು ಗೂಟಕ್ಕೆ ಬಿಗಿ. ಅವರು ತಿರುಗಿ ತಿರುಗಿ ನನಗೆ ತಲೆ ತಿರುಗ್ತಿದೆ."

"ಗೂಟ ಕಿತ್ಕೊಂಡು ತಿರುಗ್ತಾನೆ ಅತ್ತಿಗೆ."

"ನೋಡಿಲ್ಲಿ, ಎಡಗಡೆ ಹೊಸ ಅಂಗಿ, ಬಲಗಡೆ ಭುಜ ಚಿಂದಿ. ಗೋಡೆಗೆ ಉಜ್ಜಿ ಉಜ್ಜಿ ಸುಣ್ಣಾನೂ ಹೋಯ್ತು, ಬಟ್ಟೆನೂ ಹೋಯ್ತು."

ಮದುವೆ ಆಗಲು ಯಾವ ಹೆಣ್ಣೂ ಧೈರ್ಯ ಮಾಡದ ಕಾರಣ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೇನೆ. ಎಳೆಯುವ ಲಾರಿ ಗುಜರಿಗೆ ಹೋದ ಮೇಲೆ ಒಂದು ಗ್ಯಾರೇಜಿನಲ್ಲಿ ತಗಡಿನ ಡೆಂಟು ತೆಗೆಯುವ ಕೆಲಸ ಹಿಡಿದೆ. ನನ್ನನ್ನು ಎಲ್ಲರೂ ಬೊಗಳೆ ಅಂತ ಕರೆಯುತ್ತಾರೆ. ಯಾಕೋ ನನಗೆ ಗೊತ್ತಿಲ್ಲ, ನಾನು ಹೇಳುವುದು ನಡೆದದ್ದನ್ನೇ. ಒಮ್ಮೆ ಹಳ್ಳಕ್ಕೆ ಬಿದ್ದ ಲಾರಿಯನ್ನು ನಾವು ಎಂಥ ಜೋರಿನಲ್ಲಿ ಎಳೆದೆವು ಅಂದರೆ ಲಾರಿಯ ಜೊತೆ ಹಳ್ಳವೂ ಮೇಲೆ ಬಂತು. ಮಾರನೆಯ ದಿನ ರಸ್ತೆ ಇಲಾಖೆಯವರು ಬಂದು ಇಲ್ಲಿದ್ದ ಹಳ್ಳ ಎಲ್ಲಿ ಅಂತ ನನ್ನನ್ನೇ ಕೇಳಿದರು. ಇಂಥದ್ದನ್ನು ನಾನು ಟೀ ಅಂಗಡಿಯಲ್ಲಿ ಹೇಳುವಾಗ ಅಣ್ಣ ಪಕ್ಕದಲ್ಲಿದ್ದರೆ ಲೋಟದಿಂದ ತಲೆ ಎತ್ತದೆ ಎರಡೇ ಮಾತು ಆಡುತ್ತಿದ್ದ.

"ಅರ್ಧ ಬಿಡು."

ಅಂದರೆ ಅರ್ಧ ಕಡಿಮೆ ಮಾಡು ಅಂತ. ನಾನು ಮಾಡುತ್ತಿದ್ದೆ. ಅರ್ಧ ಹಳ್ಳ ಮೇಲೆ ಬಂತು ಅನ್ನುತ್ತಿದ್ದೆ. ಕಣ್ಣು ಹೋದ ಮೇಲೆ ಅವನು ಆ ಮಾತನ್ನೂ ಬಿಟ್ಟ. ನಾನು ಎಷ್ಟು ದೊಡ್ಡದು ಬಿಟ್ಟರೂ ಸುಮ್ಮನೆ ನಡೆದು ಹೋಗುತ್ತಿದ್ದ. ಹೇಳಿದ್ದನ್ನು ಪೂರ್ತಿ ನಂಬಿಬಿಟ್ಟರೆ ಹೇಳುವವನಿಗೆ ಎಷ್ಟು ಕಷ್ಟ ಅಂತ ನನಗೆ ಆಗಲೇ ತಿಳಿದದ್ದು.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದೆ. ಅಣ್ಣ ಬಂದು ಎದುರಿಗೆ ನಿಂತ. ನಿಂತ ಅನ್ನುವುದೂ ತಪ್ಪು, ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಗುತ್ತಿದ್ದ.

"ಲೇ ಬೊಗಳೆ, ದೊಡ್ಡಮ್ಮನ ಮೂತಿ ಹೇಗಿತ್ತು ಹೇಳು."

ದೊಡ್ಡಮ್ಮ ಅಂದರೆ ನಮ್ಮ ಅಮ್ಮನ ಅಕ್ಕ ಅಲ್ಲ. ನಮ್ಮ ಲಾರಿ. ಸೇನೆಯವರು ಓಡಿಸಿ ಬಿಸಾಕಿದ ಹಳೆಯ ಲಾರಿ, ಬೆನ್ನ ಮೇಲೆ ಕೈಯಲ್ಲಿ ತಿರುವುವ ಕ್ರೇನು. ಕರೆದರೆ ತಡವಾಗಿ ಬರುತ್ತಿದ್ದಳು, ದಾರಿಯುದ್ದಕ್ಕೂ ಗೊಣಗುತ್ತಿದ್ದಳು, ಕೊನೆಗೆ ಎತ್ತಿ ಕೂರಿಸಿ ಮನೆ ಮುಟ್ಟಿಸುತ್ತಿದ್ದಳು. ಹಾಗಾಗಿ ಆ ಹೆಸರು. ಏರು ಹತ್ತುವಾಗ ಅವಳ ವೇಗ ಎಷ್ಟು ಅಂದರೆ, ಕೆಳಗೆ ಗಡ್ಡ ಬೋಳಿಸಿಕೊಂಡು ಹತ್ತಿದರೆ ಮೇಲೆ ಮುಟ್ಟಿದಾಗ ಮತ್ತೆ ಬೋಳಿಸಬೇಕಿತ್ತು.

"ನಿನಗೆ ಗೊತ್ತಿಲ್ವಾ ಅಣ್ಣ? ಮೂವತ್ತು ವರ್ಷ ನೋಡಿದ್ದೀಯ."

"ಹೋಗ್ತಾ ಇದೆ ಕಣೋ. ನಿಮ್ಮತ್ತಿಗೆ ಮುಖ ಹೋಗಲ್ಲ. ಬಾಯಿ ತೆಗೆದ ತಕ್ಷಣ ಬರುತ್ತೆ, ದಿನಕ್ಕೆ ನೂರು ಸಲ ಬರುತ್ತೆ."

"ಕೇಳಿಸ್ತು," ಅಂತ ಒಳಗಿನಿಂದ ಅತ್ತಿಗೆ ಅಂದರು.

"ನೋಡು, ಬಂತು. ನಿನ್ನ ಮುಖಾನೂ ಬರುತ್ತೆ, ಬೇಡ ಅಂದ್ರೂ. ದೊಡ್ಡಮ್ಮ ಮಾತಾಡಲ್ವಲ್ಲ. ಬಂಪರ್ ನೆನಪಿದೆ. ಬಾನೆಟ್ಟಿನ ಗೀರು ನೆನಪಿದೆ. ಎರಡನ್ನೂ ಸೇರಿಸೋಕೆ ಹೋದ್ರೆ ಮಧ್ಯ ಏನೂ ಇಲ್ಲ. ನಿನ್ನೆ ಇದ್ದದ್ದು ಇವತ್ತಿಲ್ಲ." ಅವನು ಗೋಡೆಗೆ ಕೈ ಹಚ್ಚಿದ. "ಅವಳೂ ಹೋದ್ರೆ ಮೂವತ್ತು ವರ್ಷ ನಾನು ಎಲ್ಲಿ ಕೂತಿದ್ದೆ ಅಂತ ಹೇಳಲಿ?"

ನಾನು ಹೇಳತೊಡಗಿದೆ. ಮೂತಿ ಹೀಗೆ, ದೀಪ ಹೀಗೆ. ಅವನು ಸ್ವಲ್ಪ ಹೊತ್ತು ಕೇಳಿ, "ನಿನ್ನ ಮಾತು ನಂಬಿದ್ರೆ ಅವಳಿಗೆ ರೆಕ್ಕೆ ಬರುತ್ತೆ" ಅಂದು ನಡೆದುಬಿಟ್ಟ. ನನ್ನ ಕೆನ್ನೆಯ ಮೇಲೆ ಸೋಪು ಒಣಗಿತ್ತು.

ಅದಾದ ಮೇಲೆ ನನಗೂ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಗುಜರಿಯವನ ಹತ್ತಿರ ಹೋದೆ, ದೊಡ್ಡಮ್ಮ ಎಂದೋ ಕರಗಿ ಯಾರ ಮನೆಯ ಕಿಟಕಿ ಸರಳಾಗಿದ್ದಾಳೋ ಅಂದ. ಒಂದು ಫೋಟೋ ಸಿಕ್ಕಿದ್ದರೂ ಅಣ್ಣನಿಗೆ ಏನು ಉಪಯೋಗ? ಹೀಗಿರುವಾಗ ಒಂದು ಅಂಗಡಿಯ ಶಟರು ಬಗ್ಗಿದೆ, ನೆಟ್ಟಗೆ ಮಾಡಿಕೊಡು ಅಂತ ಗ್ಯಾರೇಜಿನವರು ಕಳಿಸಿದರು. ಒಳಗೆ ನೋಡಿದರೆ ಗೋಡೆ ತುಂಬ ಪುಟ್ಟ ಪುಟ್ಟ ವಿಮಾನ, ಹಡಗು, ಲಾರಿ. ಅಂಗಡಿಯವರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡ ಸಣಕಲು ಮನುಷ್ಯ. ಶಟರು ಎಷ್ಟು ಬಗ್ಗಿದೆ ಅಂತ ಕೇಳಿದರೆ, "ಎಂಟು ಮಿಲಿಮೀಟರ್" ಅಂದರು. ಅಲ್ಲಿಂದ ಮುಂದೆ ಅವರು ನನಗೆ ಮಿಲಿಮೀಟರ್ ಸಾಹೇಬರು.

ಕೆಳಗಿನ ಕಪಾಟಿನಲ್ಲಿ ಮೂಲೆ ಹರಿದ ಒಂದು ಪೆಟ್ಟಿಗೆ. ಮೇಲಿನ ಚಿತ್ರದಲ್ಲಿ ದೊಡ್ಡಮ್ಮ ನಿಂತಿದ್ದಳು. ಕ್ರೇನಿಲ್ಲದೆ, ಮದುವೆಗೆ ಮುಂಚಿನ ದೊಡ್ಡಮ್ಮ.

"ಅದು ಬಹಳ ಹಳೇ ರೆಸಿನ್ ಕಿಟ್ಟು," ಅಂದರು ಸಾಹೇಬರು. "ಅಂಟಿನಂಥದ್ದನ್ನ ಅಚ್ಚಿಗೆ ಹುಯ್ದು ಗಟ್ಟಿ ಮಾಡಿದ ತುಂಡುಗಳು, ಮನೇಲಿ ಜೋಡಿಸ್ಕೋಬೇಕು. ಮಾಡ್ತಿದ್ದವರು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ಯಾರೂ ಕೊಳ್ಳಲ್ಲ. ಕೆಲಸ ಜಾಸ್ತಿ, ತುಂಡು ಕಡಿಮೆ. ಕನ್ನಡಿ ಇಲ್ಲ, ಹಿಡಿಕೆ ಇಲ್ಲ, ವೈಪರ್ ಇಲ್ಲ. ಎಲ್ಲಾ ನಾವೇ ಮಾಡ್ಕೋಬೇಕು. ಅಳತೆ ಎಪ್ಪತ್ತೆರಡಕ್ಕೆ ಒಂದು."

"ಹಾಗಂದ್ರೆ?"

"ನಿಜವಾದ ಲಾರೀನ ಉದ್ದಕ್ಕೆ ಎಪ್ಪತ್ತೆರಡು ಪಾಲು ಮಾಡಿದ್ರೆ ಅದ್ರಲ್ಲಿ ಒಂದು ಪಾಲು."

"ಉಳಿದ ಎಪ್ಪತ್ತೊಂದು ಎಲ್ಲಿ ಹೋಯ್ತು ಸಾಹೇಬ್ರೇ?"

ಅವರು ನನ್ನನ್ನು ಭೂತಗನ್ನಡಿಯಲ್ಲೇ ನೋಡಿದರು. ಆದರೆ ಶಟರಿನ ಕೆಲಸಕ್ಕೆ ಬದಲಾಗಿ ಪೆಟ್ಟಿಗೆ ಕೊಟ್ಟರು, ಜೊತೆಗೆ ಬೇಡ ಬೇಡ ಅಂದರೂ ಬುದ್ಧಿಮಾತು ಕೊಟ್ಟರು. ಸೋಪಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಹಿಡಿಯಲ್ಲ. ಉಜ್ಜುವಾಗ ನೀರು ಹಾಕಿ, ಪುಡಿ ಮೂಗಿಗೆ ಹೋಗಬಾರದು. ಪೆಟ್ಟಿಗೆ ತೆರೆದು ಚಕ್ರ ಕೂರುವ ಅಡಿಚೌಕಟ್ಟನ್ನು, ಅಂದರೆ ಚಾಸಿಯನ್ನು, ಬೆಳಕಿಗೆ ಹಿಡಿದರು. ಅದು ಬಿಸಿಲಲ್ಲಿ ಬಿಟ್ಟ ಚಪ್ಪಲಿಯಂತೆ ತಿರುಚಿಕೊಂಡಿತ್ತು.

"ಹಳೇ ರೆಸಿನ್ನಿಗೆ ಈ ಚಾಳಿ. ಬಿಸಿನೀರಿಗೆ ಅದ್ದಿ, ಮೆತ್ತಗಾಗುತ್ತೆ. ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರು ಹಾಕಿ, ನೆಟ್ಟಗೆ ನಿಲ್ಲುತ್ತೆ. ಒಂದು ಸಲ ಮಾತ್ರ. ಮತ್ತೆ ಮತ್ತೆ ಬಗ್ಗಿಸಿದ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಇನ್ನೊಂದು ಎಲ್ಲೂ ಸಿಗಲ್ಲ."

ಡೆಂಟು ತೆಗೆಯುವವನಿಗೆ ಬಗ್ಗಿದ್ದನ್ನು ನೆಟ್ಟಗೆ ಮಾಡು ಅಂತ ಬೇರೆ ಹೇಳಬೇಕೆ? ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸವೇ ಅದು. ಅತ್ತಿಗೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಚಾಸಿಯನ್ನು ಚಮಚದಲ್ಲಿ ಇಳಿಸಿ, ಕಿಟಕಿ ಗಾಜಿನ ಮೇಲೆ ಒತ್ತಿದೆ. ನೂಲು ಹಿಡಿದು ನೋಡಿದರೆ ಕೂದಲಿನಷ್ಟೂ ಓರೆ ಇರಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ನನ್ನ ಕೈ ಸುತ್ತಿಗೆ ಹಿಡಿಯುವ ಕೈ. ಅದರಲ್ಲಿ ಈಗ ಚಿಮುಟ. ಹಳೆಯ ವೈರಿನ ಒಂದೊಂದೇ ತಾಮ್ರದ ಎಳೆ ಬಿಡಿಸಿ ಹೊಸೆದು ಕ್ರೇನಿಗೆ ಉಕ್ಕಿನ ಹಗ್ಗ ಮಾಡಿದೆ. ಮುರಿದ ಕೊಡೆಯ ಕಡ್ಡಿ ಕ್ರೇನಿನ ಕಂಬವಾಯಿತು. ಪೇಸ್ಟಿನ ಟ್ಯೂಬು ಸೀಳಿ ಅದರ ತಗಡಿನಲ್ಲಿ ಕನ್ನಡಿ, ಸೈಕಲ್ ಕಡ್ಡಿಯಲ್ಲಿ ಚಕ್ರದ ಅಚ್ಚು. ಚಕ್ರ ತಿರುಗಲೇಬೇಕು ಅಂತ ನನ್ನ ಹಟ. ಗಾಳಿಗುಳ್ಳೆ ಬಿದ್ದು ತೂತಾದ ಕಡೆ ಅಂಟು ತುಂಬಿ ಎಮರಿ ಪೇಪರಿನಲ್ಲಿ ಉಜ್ಜಿದೆ. ಬಾಗಿಲಿನ ಹಿಡಿಕೆಯನ್ನು ಎಷ್ಟು ಸಣ್ಣ ಮಾಡಿದ್ದೆ ಅಂದರೆ ಒಂದು ಇರುವೆ ಬಂದು ಬಾಗಿಲು ತೆಗೆದು ಒಳಗೆ ಕೂತು, ಹೊರಡು ಅಂತ ನನ್ನನ್ನು ನೋಡಿತು.

ಕಷ್ಟವೂ ಕಡಿಮೆ ಇರಲಿಲ್ಲ. ಒಮ್ಮೆ ಸೀನಿದೆ, ಎರಡೂ ಕನ್ನಡಿ ಹಾರಿಹೋದವು. ಹೊಸದು ಮಾಡಿ ಒಣಗಲು ಇಟ್ಟರೆ ಅತ್ತಿಗೆ ಮೇಜು ಒರೆಸಿ ಹೊರಗೆ ಕೊಡವಿದರು.

"ನಾನೇನು ಕಂಡೆ, ಚೂರು ಪಾರು ಬಿದ್ದಿದೆ ಅನ್ಕೊಂಡೆ."

"ಅದು ಚೂರಲ್ಲ ಅತ್ತಿಗೆ, ಎಡಗಡೆ ಕನ್ನಡಿ."

"ಹಾಗಾದ್ರೆ ಅದರ ಮೇಲೆ ಬರೆದಿಡು."

ಅಣ್ಣ ಪ್ರತಿ ಸುತ್ತಿಗೂ ನನ್ನ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ತಡೆಯುತ್ತಿದ್ದ. "ಏನೋ ಕೆರೀತಿದ್ದೀಯ?"

"ಇರುವೆಗೆ ಚಪ್ಪಲಿ ಹೊಲೀತಿದ್ದೀನಿ."

"ಆರೂ ಕಾಲಿಗಾ?" ಅಂದು ಮುಂದೆ ಹೋಗುತ್ತಿದ್ದ. ಅವನಿಗೆ ಹೇಳಿರಲಿಲ್ಲ. ಮುಗಿಯುವ ಮೊದಲೇ ಅವನ ಬಂಪರೂ ಗೀರೂ ಅಳಿಸಿಹೋದರೆ ಅಂತ ನನಗೆ ಅವಸರ. ಗ್ಯಾರೇಜಿನಲ್ಲಿ ಗಡಿಯಾರ ನೋಡುತ್ತಿದ್ದೆ, ಮನೆಯಲ್ಲಿ ಅಂಟು ಒಣಗುವುದನ್ನು ನೋಡುತ್ತಿದ್ದೆ. ಒಣಗುವ ಮೊದಲೇ ಮುಟ್ಟಿ ಮತ್ತೆ ಕೆಡಿಸುತ್ತಿದ್ದೆ. ಕೊನೆಗೆ ಬಣ್ಣ. ಹಸಿರು ಬಳಿದು, ಮಾಸಲು ಮಾಡಿ, ಮೊಳೆಗಳ ಕೆಳಗೆ ತುಕ್ಕು ಸೋರಿದ ಗೆರೆಗಳನ್ನು ಒಂದು ರೋಮದ ಕುಂಚದಲ್ಲಿ ಎಳೆದೆ.

ಅತ್ತಿಗೆ ಬಗ್ಗಿ ನೋಡಿದರು. "ಚೆನ್ನಾಗಿದೆ. ಆದ್ರೆ ತುಕ್ಕು ಹಿಡಿದಿದೆಯಲ್ಲ, ತೊಳೀಬಾರ್ದಾ?" ಆಮೇಲೆ, "ಬಣ್ಣ ಯಾರಿಗೆ ಬಳಿದೆ ಮೈದುನ?" ಅಂದರು.

ನಾನು ಕುಂಚ ಕೆಳಗಿಟ್ಟೆ.

ಅಣ್ಣನನ್ನು ಕರೆದು ಅವನ ಅಂಗೈ ಮೇಲೆ ಇಟ್ಟೆ. "ಯಾರು ಅಂತ ಹೇಳು."

ಸ್ಟೀರಿಂಗು ಹಿಡಿದು ಹಿಡಿದು ಅವನ ಬೆರಳುಗಳ ಮೇಲೆ ಲಾರಿ ಟೈರಿನಷ್ಟು ದಪ್ಪ ಚರ್ಮ ಕಟ್ಟಿದೆ. ಅದರಲ್ಲಿ ಸವರಿದ. ಕನ್ನಡಿ ಮುರಿಯಿತು, ಅವನಿಗೆ ಗೊತ್ತೇ ಆಗಲಿಲ್ಲ. ಕಂಬ ಬಗ್ಗಿತು.

"ಸೋಪಾ?"

"ಸೋಪಲ್ಲ ಅಣ್ಣ. ಸರಿಯಾಗಿ ನೋಡು."

"ನೋಡೋಕೆ ಆಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ." ಇನ್ನೊಮ್ಮೆ ಸವರಿದ. "ಚಕ್ರ ಇದೆ. ಸೋಪಿಗೆ ಚಕ್ರ ಹಾಕಿದ್ದೀಯ." ನನ್ನ ಕೈಗೆ ತಿರುಗಿಸಿ ಕೊಟ್ಟು ನಡೆಯಲು ಹೊರಟ. ಆ ದಿನ ಅವನ ಹೆಜ್ಜೆ ಇನ್ನೂ ಜೋರಾಗಿತ್ತು.

ನಾನು ಮುರಿದ ಕನ್ನಡಿ ಜೇಬಲ್ಲಿ ಇಟ್ಟುಕೊಂಡು ಮಿಲಿಮೀಟರ್ ಸಾಹೇಬರ ಹತ್ತಿರ ಓಡಿದೆ. ಅವರು ಲಾರಿಯನ್ನು ಭೂತಗನ್ನಡಿಯಡಿ ತಿರುಗಿಸಿ ತಿರುಗಿಸಿ ನೋಡಿ, "ಹಿಡಿಕೆ ಅರ್ಧ ಮಿಲಿಮೀಟರ್ ಎದ್ದಿದೆ. ಸರಿಯಾಗೇ ಇದೆಯಲ್ಲ" ಅಂದರು.

"ಅರ್ಧ ಮಿಲಿಮೀಟರ್ ಅಣ್ಣನ ಬೆರಳಿಗೆ ತಾಗಲ್ಲ ಸಾಹೇಬ್ರೇ. ಎರಡು ಮಾಡಬೇಕು."

"ಎರಡು ಮಾಡಿದ್ರೆ ಅದು ಬಾಗಿಲ ಹಿಡಿಕೆ ಅಲ್ಲ, ಬಾಗಿಲಿಗೆ ಹೊಡೆದ ಬೆಂಚು. ಅಳತೆ ಸುಳ್ಳಾಗುತ್ತೆ."

"ಸುಳ್ಳಿನ ಭಾಗ ನನಗೆ ಬಿಡಿ. ನನಗೆ ಅಭ್ಯಾಸ ಇದೆ."

ಅವರಿಗೆ ನಗು ಬಂತು, ತಡೆದುಕೊಂಡರು. ಗಟ್ಟಿಯಾದ ಅಂಟಿನ ಒಂದು ಟ್ಯೂಬು ಕೊಟ್ಟು, "ನನ್ನ ಅಂಗಡಿಯಲ್ಲಿ ಕಲಿತದ್ದು ಅಂತ ಮಾತ್ರ ಎಲ್ಲೂ ಹೇಳಬೇಡಿ" ಅಂದರು.

ನಾನು ಬೆರಳಿಗಾಗಿ ಕೆಲಸ ಮಾಡಿದೆ. ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಸವರಿ, ತಾಗದ್ದನ್ನೆಲ್ಲ ಕಿತ್ತು ಹಾಕಿದೆ. ಹಿಡಿಕೆ ಬೆಂಚೇ ಆಯಿತು. ಮೊಳೆಯ ತಲೆಗಳನ್ನು ಅಂಟಿನ ಹನಿಗಳಲ್ಲಿ ಸಾಲಾಗಿ ಎಬ್ಬಿಸಿದೆ. ಬಾನೆಟ್ಟಿನ ಗೀರನ್ನು ಅರದಲ್ಲಿ ಆಳ ಮಾಡಿದೆ. ಹಾರನ್ನಿಗೆ ಪೆನ್ನಿನ ತುದಿ ಕತ್ತರಿಸಿ ಕೂರಿಸಿದೆ. ಎಡ ಮಡ್‌ಗಾರ್ಡಿನಲ್ಲಿ ಡೆಂಟು ಹೊಡೆದೆ. ಜೀವಮಾನವೆಲ್ಲ ಡೆಂಟು ತೆಗೆದವನು ಮೊದಲ ಸಲ ಡೆಂಟು ಹಾಕಿದ್ದು. ಕೊಕ್ಕೆಯನ್ನು ಪಿನ್ನು ಬಗ್ಗಿಸಿ, ತುದಿ ಮೊಂಡು ಮಾಡಿ, ಕಡಲೆಕಾಳಿನಷ್ಟು ದೊಡ್ಡದು ಮಾಡಿ ಹಗ್ಗಕ್ಕೆ ಅಂಟಿಸಿದೆ. ಕಣ್ಣಲ್ಲಿ ನೋಡಿದರೆ ದೊಡ್ಡಮ್ಮನಿಗೆ ಊತ ಬಂದ ಹಾಗಿತ್ತು.

ಮತ್ತೆ ಅವನ ಅಂಗೈಗೆ ಇಟ್ಟಾಗ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಅತ್ತಿಗೆ ಸೂಜಿ ಕೆಳಗಿಟ್ಟು ಬಾಗಿಲಲ್ಲಿ ನಿಂತರು.

ಅವನ ಹೆಬ್ಬೆರಳು ಬಾನೆಟ್ಟಿನ ಮೇಲೆ ಹತ್ತಿತು. ಗೀರಿನಲ್ಲಿ ಇಳಿಯಿತು. ನಿಂತಿತು. ಮತ್ತೆ ಇಳಿಯಿತು. ಅಲ್ಲಿಂದ ಬಂಪರಿಗೆ ಬಂತು, ನಡುವೆ ಎಲ್ಲೂ ಎತ್ತಲಿಲ್ಲ.

"ಇಲ್ಲಿ ಜಾಲರಿ," ಅಂದ. "ಗೀರಿಂದ ಜಾಲರಿ, ಜಾಲರಿಯಿಂದ ಬಂಪರ್. ಇದೇ ನನಗೆ ಸಿಗ್ತಿರಲಿಲ್ಲ." ಬೆರಳು ಮಡ್‌ಗಾರ್ಡಿಗೆ ಹೊರಳಿತು. "ಗೇಟಿನ ಡೆಂಟು."

"ಎಮ್ಮೆ ಗುದ್ದಿದ ಡೆಂಟು."

"ಎಮ್ಮೆ ಎಲ್ಲಿ ಬಂತೋ, ಗ್ಯಾರೇಜಿನ ಗೇಟು."

"ಗೇಟಿನ ಪಕ್ಕ ಎಮ್ಮೆ ಇತ್ತು."

ಅತ್ತಿಗೆಗೆ ನಗು. ಅಣ್ಣನ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ್ದೊಂದು ಆಡುತ್ತಿತ್ತು. ಕ್ರೇನು, ಹಗ್ಗ, ಕೊಕ್ಕೆ ಎಲ್ಲ ಮುಟ್ಟಿದ. ಮೇಜಿನ ಹತ್ತಿರ ಕರೆದುಕೊಂಡು ಹೋಗು ಅಂದ. ಲಾರಿಯನ್ನು ಮೇಜಿನ ಮೇಲೆ ಇಟ್ಟು, ಅಂಗೈಯನ್ನು ಅದರ ಬೆನ್ನ ಮೇಲೆ ಹಗುರವಾಗಿ ಊರಿ ಮುಂದೆ ತಳ್ಳಿದ.

ಒಂದು ಗೇಣು ಹೋಯಿತು, ಅಷ್ಟೇ. ಅವನ ಕೈ ನಿಂತಿತು. ಮತ್ತೊಮ್ಮೆ ತಳ್ಳಿದ. ಮುಖದಲ್ಲಿ ಆಡುತ್ತಿದ್ದದ್ದು ಆರಿಹೋಯಿತು.

"ಇವಳು ಅವಳಲ್ಲ."

"ಯಾಕಣ್ಣ? ಏನು ಬಿಟ್ಟಿದ್ದೀನಿ ಹೇಳು, ಹಾಕ್ತೀನಿ."

"ಏನೂ ಬಿಟ್ಟಿಲ್ಲ. ಅವಳ ಒಡವೆ ಎಲ್ಲಾ ಇದೆ. ಹಾಕ್ಕೊಂಡಿರೋದು ಬೇರೆ ಯಾರೋ." ಅವನು ಎದ್ದ. "ಬಿಡೋ. ನೀನು ಮಾಡಿದ್ದು ಚೆನ್ನಾಗಿದೆ."

ಚೆನ್ನಾಗಿದೆ ಅಂದದ್ದೇ ನನಗೆ ಬೈದ ಹಾಗಾಯಿತು. ಅವನು ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ. ನಾನು ಅವನ ಹಿಂದೆ. ಭಾರವಾ? ತಲೆ ಅಲ್ಲಾಡಿಸಿದ. ಚಕ್ರವಾ? ಗೊತ್ತಿಲ್ಲ. ಹೇಳಲು ಬಂದರೆ ತಾನೇ ಹೇಳುತ್ತಿದ್ದ. ಇಬ್ಬರೂ ಹಿಂದೆ ಮುಂದೆ ಸುತ್ತುತ್ತಿದ್ದರೆ ಅತ್ತಿಗೆ, "ಈಗ ಎರಡು ಗೂಟ ಬೇಕು" ಅಂದರು.

ಮಾರನೆಯ ದಿನ ಗ್ಯಾರೇಜಿನಲ್ಲಿ ನನ್ನ ಮನಸ್ಸು ಕೈಯಲ್ಲಿರಲಿಲ್ಲ. ಒಂದು ಕಾರಿನ ಬಲ ಬಾಗಿಲ ಡೆಂಟು ತೆಗೆಯಬೇಕಿತ್ತು, ನಾನು ಎಡ ಬಾಗಿಲಿಗೆ ಹೊಡೆದು ಹೊಸದೊಂದು ಮಾಡಿದೆ. ಮಧ್ಯಾಹ್ನವೇ ಮನೆಗೆ ಅಟ್ಟಿದರು.

ಅತ್ತಿಗೆ ಹೊಸ್ತಿಲ ಮೇಲೆ ಅಂಗಿಗೆ ತೇಪೆ ಹಾಕುತ್ತಿದ್ದರು. ಒಳಗೆ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಅಣ್ಣ ಬರುತ್ತಿದ್ದ.

"ನೋಡು, ಮತ್ತೆ ಬಲ ಭುಜವೇ. ಹೋಗುವಾಗ ಆ ಗೋಡೆ, ಬರುವಾಗ ಈ ಗೋಡೆ. ನಡುವೆ ಇಷ್ಟು ಜಾಗ ಇದೆ, ನೆಟ್ಟಗೆ ನಡೆಯೋಕೇನು ಇವರಿಗೆ? ಬೆಳಿಗ್ಗೆ ಮಂಚ ತಳ್ಳಿಕೊಡಿ ಅಂದ್ರೆ ಅದನ್ನೂ ಬಲಕ್ಕೇ ಎಳೆದ್ರು. ಕಣ್ಣಿದ್ದಾಗಲೂ ಸಂತೆ ಕೈಗಾಡಿ ಕೊಟ್ರೆ ಹೀಗೇ."

ನಾನು ಅವರ ಕೈಯಿಂದ ಅಂಗಿ ತೆಗೆದುಕೊಂಡೆ. ಸೂಜಿ ಚುಚ್ಚಿತು. ಎಡ ಭುಜ ಹೊಸದು, ಬಲ ಭುಜದಲ್ಲಿ ತೇಪೆಯ ಮೇಲೆ ತೇಪೆ. ಅಣ್ಣ ಓಣಿಯಲ್ಲಿ ಬರುವುದನ್ನೇ ನೋಡುತ್ತಾ ನಿಂತೆ. ಅವನ ಎರಡೂ ಕೈ ಹೊಟ್ಟೆಯ ಮುಂದೆ ಸ್ವಲ್ಪ ಎದ್ದಿದ್ದವು. ಪ್ರತಿ ಹೆಜ್ಜೆಗೂ ಯಾವುದನ್ನೋ ಹೆಬ್ಬೆರಳಗಲ ಬಲಕ್ಕೆ ಎಳೆದು ಹಿಡಿದ ಹಾಗೆ ಅವನ ಮೈ ಬಲಕ್ಕೆ ವಾಲುತ್ತಿತ್ತು.

ದೊಡ್ಡಮ್ಮನ ಮುಂದಿನ ಎಡ ಚಕ್ರದ ಸ್ಪ್ರಿಂಗ್ ಪ್ಲೇಟು. ನಾನು ಕೆಲಸಕ್ಕೆ ಸೇರುವ ಮೊದಲೇ ಅದು ಕುಸಿದಿತ್ತು. ಬದಲಿಸಿದರೂ ಮತ್ತೆ ಕುಸಿಯುತ್ತಿತ್ತು. ದೊಡ್ಡಮ್ಮ ಎಡಗಾಲು ಎಳೆದುಕೊಂಡೇ ನಡೆದದ್ದು. ನನ್ನ ಊಟದ ಡಬ್ಬಿ ಸೀಟಿನ ಮೇಲೆ ಇಟ್ಟರೆ ಯಾವಾಗಲೂ ಎಡಗಡೆ ಬಾಗಿಲಿಗೆ ಜಾರಿ ಹೋಗುತ್ತಿತ್ತು. ನಾನೋ, ಅವಳನ್ನು ಮನೆಗೆ ತಂದ ಮೊದಲ ದಿನವೇ ಬಿಸಿನೀರು ಕಾಯಿಸಿ, ಗಾಜಿಗೆ ಒತ್ತಿ, ನೂಲು ಹಿಡಿದು ಅವಳ ಕಾಲು ನೆಟ್ಟಗೆ ಮಾಡಿಬಿಟ್ಟಿದ್ದೆ.

"ಅಣ್ಣ, ನಿಲ್ಲು. ದೊಡ್ಡಮ್ಮ ಎಡಕ್ಕೆ ಎಳೀತಿದ್ಲು."

"ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ನೆಟ್ಟಗೇ ಹೋಗ್ತಿದ್ಲು."

"ನೀನು ಹಿಡ್ಕೊಂಡಿದ್ದೆ, ಅದಕ್ಕೆ ನೆಟ್ಟಗೆ ಹೋಗ್ತಿದ್ಲು."

ಅವನು ತನ್ನ ಎರಡು ಕೈಗಳನ್ನು ಎತ್ತಿ, ಕಾಣುತ್ತದೋ ಎಂಬಂತೆ ಮುಖದ ಹತ್ತಿರ ತಂದ.

"ಬಗ್ಗಿಸು," ಅಂದ.

"ಒಂದೇ ಸಲ ಬಗ್ಗಿಸಬಹುದು ಅಂತ ಅಂಗಡಿಯವರು ಹೇಳಿದ್ದಾರೆ. ಆ ಒಂದು ಸಲ ನಾನು ನೆಟ್ಟಗೆ ಮಾಡೋಕೆ ಕಳೆದೆ. ಈಗ ಮುರಿದ್ರೂ ಮುರಿಯುತ್ತೆ. ಮುರಿದ್ರೆ ಇನ್ನೊಂದಿಲ್ಲ."

"ನೆಟ್ಟಗಿರೋದು ಇಟ್ಕೊಂಡು ಏನು ಮಾಡಲಿ? ಬಗ್ಗಿಸು."

ಅತ್ತಿಗೆ ಒಲೆಯ ಮೇಲೆ ನೀರಿಟ್ಟರು. ಅಣ್ಣ ಒಲೆಯ ಪಕ್ಕ ಬಂದು ನಿಂತ. ತೂಗಲಿಲ್ಲ, ಅಲುಗಲಿಲ್ಲ. ನನಗೇ ಒಂದು ಕಡೆ ನಿಲ್ಲಲು ಆಗದೆ ಒಲೆಗೂ ಮೇಜಿಗೂ ಮೂರು ಸಲ ಓಡಾಡಿದೆ. ಇಡೀ ಲಾರಿ ಅದ್ದಿದರೆ ಅಂಟಿಸಿದ್ದೆಲ್ಲ ಬಿಚ್ಚಿ ಸಾರಾಗುತ್ತದೆ. ಮುಂದಿನ ಎಡ ಮೂಲೆಯನ್ನು ಮಾತ್ರ ನೀರಿಗೆ ಮುಟ್ಟಿಸಿ, ಉಗುರಿನಲ್ಲಿ ಒತ್ತಿ ನೋಡುತ್ತಾ ಹಿಡಿದೆ. ಮೆತ್ತಗಾಗುತ್ತಿತ್ತು. ಚಕ್ರದ ಅಚ್ಚಿನ ತುದಿ ಹಿಡಿದು ಮೆಲ್ಲಗೆ ತಿರುಚಿದೆ.

ಟಿಕ್ ಅಂತ ಸದ್ದಾಯಿತು.

 ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ತಿರುಗಿಸಿ ನೋಡಿದೆ. ಚಾಸಿಯಲ್ಲಿ ಬಿರುಕಿರಲಿಲ್ಲ. ಏನೋ ಒಂದು ಸಿಡಿದು ಬಿದ್ದಿತ್ತು, ಏನು ಅಂತ ನೋಡುವ ವ್ಯವಧಾನ ಯಾರಿಗಿತ್ತು? ತಣ್ಣೀರು ಸುರಿದು, ಒರೆಸಿ, ಮೇಜಿನ ಮೇಲೆ ಇಟ್ಟೆ.

ಅಣ್ಣ ಅಂಗೈ ಊರಿ ತಳ್ಳಿದ. ದೊಡ್ಡಮ್ಮ ತನ್ನ ಬಾಲ ಹಿಡಿಯಲು ಹೊರಟ ನಾಯಿಯಂತೆ ಗಿರಕಿ ಹೊಡೆದು ಮೇಜಿನ ಅಂಚಿಗೆ ಹೋದಳು. ಅತ್ತಿಗೆ ಹಿಡಿದುಕೊಂಡರು. ನನ್ನ ಕೈಗೆ ಯಾವುದನ್ನೂ ಸಣ್ಣದಾಗಿ ಮಾಡಿ ಅಭ್ಯಾಸವಿಲ್ಲ.

ಅಣ್ಣ ಕೈ ಚಾಚಿ ಅವಳನ್ನು ತೆಗೆದುಕೊಂಡ. ಬಗ್ಗಿದ ಚಕ್ರವನ್ನು ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ನೋಡಿ ನನ್ನ ಕೈಗೆ ಕೊಟ್ಟ.

"ಅರ್ಧ ಬಿಡು."

ಅಂದವನಿಗೆ ತಾನು ಏನಂದೆ ಅಂತ ಗೊತ್ತಾಗಲಿಲ್ಲ. ಅತ್ತಿಗೆ ನನ್ನ ಮುಖ ನೋಡಿದರು. ನಾನು ಬೇಗ ಒಲೆಯ ಕಡೆ ತಿರುಗಿಕೊಂಡೆ, ಆವಿ ಕಣ್ಣಿಗೆ ಹೊಡೆಯಿತು ಅಂತ ಆಮೇಲೆ ಹೇಳಿದೆ.

ಮತ್ತೆ ಬಿಸಿನೀರು. ಈ ಸಲ ಬಗ್ಗಿಸಿದ್ದರಲ್ಲಿ ಅರ್ಧದಷ್ಟು ಮಾತ್ರ ಹಿಂದಕ್ಕೆ ತಂದೆ. ಚಾಸಿಯ ಕೆಳಗೆ ಬಿಳಿ ಗೆರೆಯೊಂದು ಮೂಡಿತು, ಕೂದಲಿನಂಥದ್ದು. ಅಲ್ಲಿಗೇ ಕೈ ತಡೆದೆ. ಗೆರೆ ಮುಂದೆ ಓಡಲಿಲ್ಲ. ತಣ್ಣೀರು ಹಾಕಿ, ಗೆರೆಯ ಮೇಲೆ ಒಂದು ಹನಿ ಅಂಟು ಬಿಟ್ಟು, ಅದು ಒಣಗುವ ತನಕ ನಾನು ಅಡುಗೆಮನೆಯ ಸುತ್ತ ನಡೆದೆ. ಅಣ್ಣ ನಿಂತೇ ಇದ್ದ.

ಮೇಜಿನ ಮೇಲೆ ಇಟ್ಟೆ. ಅವನು ಅಂಗೈ ಊರಿದ. ತಳ್ಳಿದ. ದೊಡ್ಡಮ್ಮ ಹೊರಟಳು, ಹೆಬ್ಬೆರಳಗಲ ಎಡಕ್ಕೆ ಜಗ್ಗಿದಳು, ಮತ್ತು ಅಣ್ಣನ ಮಣಿಕಟ್ಟು ಅವನನ್ನು ಕೇಳದೆಯೇ ಹೆಬ್ಬೆರಳಗಲ ಬಲಕ್ಕೆ ತಿರುಗಿ ಅವಳನ್ನು ಹಿಡಿಯಿತು. ಅವಳು ನೆಟ್ಟಗೆ ಹೋದಳು. ಮೇಜಿನ ತುದಿಯವರೆಗೆ ಹೋಗಿ, ತಿರುಗಿ, ಮತ್ತೆ ಬಂದಳು. ಅತ್ತಿಗೆ ದಾರಿಯಲ್ಲಿದ್ದ ಲೋಟ ಸರಿಸಿಕೊಟ್ಟರು.

"ಬಂದ್ಲು," ಅಂದ ಅಣ್ಣ. ಅಷ್ಟೇ ಅಂದದ್ದು. ಅವನ ಎಡಗೈ ಹಿಂದಕ್ಕೆ ಚಾಚಿ ತಡಕಾಡಿತು. ಅತ್ತಿಗೆ ಗೋಡೆಗೆ ಒತ್ತಿಟ್ಟಿದ್ದ ಕುರ್ಚಿಯೊಂದನ್ನು ಎಳೆದು ತಂದು ಅವನ ಹಿಂದೆ ಇಟ್ಟರು. ಅವನು ಕೂತ.

ನಾನು ಸಾಹೇಬರಿಗೆ ಆಮೇಲೆ ಎಲ್ಲ ಹೇಳಿದೆ. ಪೆಟ್ಟಿಗೆಯಲ್ಲಿದ್ದಾಗ ಚಾಸಿ ಯಾವ ಕಡೆಗೆ ತಿರುಚಿತ್ತು ಅಂತ ಅವರು ಕೇಳಿದರು. ಯಾರಿಗೆ ನೆನಪಿದೆ? ಎಡಕ್ಕೆ, ಒಂದು ಮಿಲಿಮೀಟರಿನಷ್ಟೂ ಆಚೀಚೆ ಇಲ್ಲದೆ ಎಡಕ್ಕೇ ಅಂದೆ.

ಆದರೆ ಅದು ಆಮೇಲಿನ ಮಾತು. ಆಗ ಅಣ್ಣ ಕುರ್ಚಿಯಲ್ಲಿ ಒರಗಿ, ಲಾರಿಯ ಬೆನ್ನ ಮೇಲೆ ಬೆರಳಾಡಿಸುತ್ತಾ ಕ್ರೇನಿಗೆ ಬಂದ. ಹಗ್ಗ ಹಿಡಿದು ಇಳಿದ. ಹಗ್ಗ ಮುಗಿಯಿತು, ಮುಂದೆ ಏನೂ ಇರಲಿಲ್ಲ.

"ಕೊಕ್ಕೆ ಎಲ್ಲೋ?"

ಟಿಕ್ ಅಂದದ್ದು ಅದೇ. ನಾನು ಮಂಡಿಯೂರಿ ಒಲೆಯ ಕೆಳಗೆ ಕೈ ಹಾಕಿದೆ. ಮೇಜಿನ ಕೆಳಗೆ, ಪಾತ್ರೆಗಳ ಸಂದಿಯಲ್ಲಿ, ಅತ್ತಿಗೆಯ ಪೊರಕೆಯ ಕಡ್ಡಿಗಳ ನಡುವೆ ಹುಡುಕಿದೆ. ಇವತ್ತು ಯಾರೂ ಕಸ ಗುಡಿಸಬೇಡಿ ಅಂದೆ. ಮೈಯೆಲ್ಲ ಧೂಳು, ತಲೆ ಮೇಜಿಗೆ ಬಡಿಯಿತು.

"ಸಿಕ್ತಾ?"

"ಇಲ್ಲಣ್ಣ."

ಮೇಲೆ ಮೇಜಿನ ಹಲಗೆಯ ಮೇಲೆ ಪುಟ್ಟ ಚಕ್ರಗಳು ಮೆಲ್ಲಗೆ ಹಿಂದೆ ಮುಂದೆ ಉರುಳುತ್ತಿದ್ದವು.

"ಅವಸರ ಇಲ್ಲ," ಅಂದ ಅಣ್ಣ. "ನೀನು ಹುಡುಕು. ನಾನು ಗಾಡೀಲೇ ಕೂತಿರ್ತೀನಿ."